ನಾಲ್ಕು ಡಾಲರಿಗೆ ಚಿಲ್ಲರೆ ಇದೆಯೇ?

ಫ್ಲಾರಿಡಾದ ಆ ನಾಲ್ಕು ಡಾಲರ್ ತೀರ್ಪು ನೆನಪಿದೆಯಲ್ಲ? 2014ರ ಜನವರಿ, ಫೋರ್ಟ್ ಪಿಯರ್ಸ್. ಗ್ಯಾರೇಜಿನಲ್ಲಿ ಹಾಡು ಜೋರಾಯಿತೆಂಬ ದೂರಿಗೆ ಪೊಲೀಸರು ಬಂದರು. ಒಳಗಿದ್ದವನು ಬಾಗಿಲೆತ್ತಿದ, ನೋಡಿದ, ಇಳಿಸಿದ. ಬಾಗಿಲ ಮೂಲಕವೇ ನಾಲ್ಕು ಗುಂಡು. ಮೂರು ಮಕ್ಕಳ ತಂದೆ ಒಳಗೇ ಸತ್ತ. ಕೈಯಲ್ಲಿ ಪಿಸ್ತೂಲಿತ್ತು ಅಂದರು ಪೊಲೀಸರು. ಸಿಕ್ಕಿದ್ದು ಹಿಂದಿನ ಜೇಬಿನಲ್ಲಿ, ಗುಂಡಿಲ್ಲದೆ.

ಮನೆಯವರು ದಾವೆ ಹೂಡಿದರು. 2018ರಲ್ಲಿ ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮುಂದೆ, ಪ್ರಶ್ನೆಗಳ ಹಾಳೆ ಬಂತು. ಅತಿಯಾದ ಬಲಪ್ರಯೋಗವೇ? ಇಲ್ಲ. ಹಾಗಾದರೆ ಅಜಾಗರೂಕತೆ? ಹೂಂ, ಆ ಪೊಲೀಸರ ಮೇಲಧಿಕಾರಿ ಶೆರಿಫರದು ಶೇ 1, ಸತ್ತವನದು ಶೇ 99. ಪರಿಹಾರ? ಅಂತ್ಯಕ್ರಿಯೆಗೆ 1 ಡಾಲರ್, ಮಕ್ಕಳಿಗೆ ತಲಾ 1. ಶೇ 1ರ ಲೆಕ್ಕದಲ್ಲಿ ಒಟ್ಟು 4 ಸೆಂಟ್. ಅವನು ಕುಡಿದಿದ್ದನಾದ್ದರಿಂದ ಅದೂ ವಜಾ, ಸೊನ್ನೆ. ನಮ್ಮ ಬಸ್ ಕಂಡಕ್ಟರು ಎಷ್ಟೋ ವಾಸಿ. ಚಿಲ್ಲರೆ ಇಲ್ಲದಿದ್ದರೂ ಟಿಕೆಟ್ ಹಿಂದೆ ಬರೆದಾದರೂ ಕೊಡುತ್ತಾರೆ.

ಜ್ಯೂರಿಯವರನ್ನು ಬೈದು ಪ್ರಯೋಜನವಿಲ್ಲ. ಹೇಗೆ ಯೋಚಿಸಬೇಕೆಂದು ನ್ಯಾಯಾಧೀಶರು ಮೊದಲೇ ಓದಿ ಹೇಳಿರುತ್ತಾರೆ: ಸ್ಥಳದಲ್ಲಿದ್ದ ವಿವೇಕಿ ಪೊಲೀಸನ ಕಣ್ಣಿನಿಂದ ನೋಡಿ, ಅವನು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕಾಗುತ್ತದೆ, ಆಮೇಲೆ ಗೊತ್ತಾದದ್ದನ್ನು ಹಿಡಿದು ಅಳೆಯಬೇಡಿ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲೇ ಪ್ರವೇಶ ನಿಷೇಧಿಸಿದೆ. ಎಂಥ ದೂರದೃಷ್ಟಿ!

ಆ 1989ರ ಕಥೆಯೂ ಸೊಗಸು. ಗ್ರಹಾಂ ಎಂಬ ಮಧುಮೇಹಿ. 1984ರಲ್ಲಿ, ಷಾರ್ಲೆಟ್ ನಗರದಲ್ಲಿ, ಸಕ್ಕರೆ ಇಳಿಯುತ್ತಿದೆ ಅನಿಸಿ ಕಿತ್ತಳೆ ಜ್ಯೂಸಿಗೆಂದು ಅಂಗಡಿಗೆ ನುಗ್ಗಿದ. ಸಾಲು ಉದ್ದವಿತ್ತು, ಹಾಗೇ ಓಡಿ ಹೊರಬಂದ. ನಮ್ಮ ರೇಷನ್ ಅಂಗಡಿ ಕಂಡವರೆಲ್ಲ ಮಾಡಿರುವ ಕೆಲಸ. ಪೊಲೀಸರಿಗೆ ಅನುಮಾನ ಬಂತು, ಕೋಳ ಬಿತ್ತು, ಕಾಲಿನ ಮೂಳೆ ಮುರಿಯಿತು. ಸ್ನೇಹಿತ ಜ್ಯೂಸ್ ತಂದ, ಕುಡಿಯಲು ಬಿಡಲಿಲ್ಲ. ಅಂಗಡಿಯಲ್ಲಿ ಏನೂ ಆಗಿಲ್ಲವೆಂದು ತಿಳಿದ ಮೇಲೆ ಮನೆಗೆ ತಂದು ಬಿಟ್ಟರು. ಅವನ ಹೆಸರಿನ ಮೊಕದ್ದಮೆಯಲ್ಲೇ ಈ ಅಳತೆಗೋಲು ಹುಟ್ಟಿತು. ಅದರಲ್ಲಿ ಮತ್ತೆ ಅಳೆದಾಗ ಗೆದ್ದದ್ದು ಪೊಲೀಸರು.

ಅಲ್ಲಿ ಪೌರತ್ವ ಪಡೆದ ನಮ್ಮವರಿಗೂ ಜ್ಯೂರಿ ಸಮನ್ಸ್ ಬರುತ್ತದೆ. ಬಂದ ಕೂಡಲೇ ತಪ್ಪಿಸಿಕೊಳ್ಳುವುದು ಹೇಗೆ ಎಂದು ವಾಟ್ಸಾಪಿನಲ್ಲಿ ವಿಚಾರಿಸುತ್ತಾರೆ. ಹೋಗಿ ಕೂತುಕೊಳ್ಳಿ ಸ್ವಾಮಿ, ಬಹಳ ಕಡೆ ದಿನಭತ್ಯೆಯೇ ನಾಲ್ಕು ಡಾಲರಿಗಿಂತ ಹೆಚ್ಚು.

ನನಗೆ ಅರ್ಥವಾಗದ್ದು ಆ ಕ್ಷಣಾರ್ಧ. ಗುಂಡು ಹೊಡೆದವನಿಗೆ ಅದನ್ನು ಧಾರಾಳವಾಗಿ ಕೊಟ್ಟರು. ಬಾಗಿಲು ಇಳಿಸಿದವನಿಗೂ ಅಷ್ಟೇ ಹೊತ್ತು ಇದ್ದದ್ದಲ್ಲವೇ? ಅವನ ಕಣ್ಣಿನಿಂದ ನೋಡಿ ಎಂದು ಯಾರೂ ಓದಿ ಹೇಳುವುದಿಲ್ಲ. ಅವನ ರಕ್ತದಲ್ಲಿ ಮದ್ಯ ಎಷ್ಟಿತ್ತೆಂಬುದು ಗೊತ್ತಾದದ್ದೂ ಸತ್ತ ಮೇಲೆ. ಅದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ತನ್ನ ಗ್ಯಾರೇಜಿನ ಬಾಗಿಲು ತಾನು ಮುಚ್ಚಿದ. ಅಷ್ಟಕ್ಕೆ ಶೇ 99. ಸಾಕಪ್ಪಾ, ತಮಾಷೆ ಬರುತ್ತಿಲ್ಲ.

2020ರಲ್ಲಿ ಮೇಲಿನ ಕೋರ್ಟು ಮರುವಿಚಾರಣೆಗೆ ಹೇಳಿತು. ಅಂದರೆ ಹೊಸ ಜ್ಯೂರಿ, ಹೊಸ ಹಾಳೆ, ಮೊದಲಿನಿಂದ ಓದುವುದು: ವಿವೇಕಿ ಪೊಲೀಸನ ಕಣ್ಣಿನಿಂದ ನೋಡಿ...