ಹಿತ್ತಾಳೆ ಹಾಕಿದರೆ ಮುಗೀತೇ?

‘ಬಾವಿಗೆ ಹಿತ್ತಾಳೆ ಫುಟ್‌ವಾಲ್ವ್ ಹಾಕಿ, ತುಕ್ಕಿನ ಚಿಂತೆ ಬಿಡಿ’ ಎಂದು ಬರೆದಿದ್ದೀರಿ. ಪಂಪಿನ ಪೈಪ್ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಈ ವಾಲ್ವ್ ಶಿರಸಿ ಕಡೆಯ ಸಿಹಿನೀರಿಗೆ ಹೇಗೋ ನಡೆದೀತು ಸಾರ್, ನಮ್ಮ ಕಾರವಾರದಲ್ಲಿ ಸಮುದ್ರದ ಬದಿಯ ಬಾವಿಗಳಿಗೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪಾಗುತ್ತದೆ. ಅಂಥ ನೀರಲ್ಲಿ ಹಿತ್ತಾಳೆಗೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಜೋಡಿಸಿದರೆ ಅದು ಬ್ಯಾಟರಿ ಇದ್ದಂತೆ: ವಾಲ್ವ್ ಉಳಿಯುತ್ತದೆ, ಪೈಪ್ ಸವೆಯುತ್ತದೆ. ಮೊದಲು ಸತುವಿನ ಲೇಪ, ಆಮೇಲೆ ಕಬ್ಬಿಣ. ಅದೂ ಥ್ರೆಡ್ ಕೊಯ್ದು ತೆಳುವಾದ ಜಾಗದಲ್ಲೇ. ನಮ್ಮ ಬಾವಿಯ ಪೈಪ್ ಎತ್ತಿದಾಗ ವಾಲ್ವ್ ಬದಿಯ ಥ್ರೆಡ್ ಹಪ್ಪಳದ ಹಾಗೆ ಉದುರಿತು. ಟೆಫ್ಲಾನ್ ಟೇಪ್ ಸೋರಿಕೆ ತಡೆದೀತು, ಇದನ್ನಲ್ಲ.

ಹಿತ್ತಾಳೆಯೂ ಪೂರ್ತಿ ಬಚಾವಲ್ಲ. ಉಪ್ಪುನೀರಲ್ಲಿ ಅದರೊಳಗಿನ ಸತು ಕರಗಿ ಹೋಗುತ್ತದೆ. ಚಾಕುವಿನಿಂದ ಕೆರೆದು ನೋಡಿ, ಹಳದಿಯ ಬದಲು ಕೆಂಪು ಕಂಡರೆ ಒಳಗೆ ಟೊಳ್ಳು ತಾಮ್ರವಷ್ಟೇ ಉಳಿದಿದೆ. ಕರಾವಳಿಗೆ ಗನ್‌ಮೆಟಲ್ (ತಾಮ್ರಕ್ಕೆ ತವರ ಬೆರೆಸಿದ ಲೋಹ) ವಾಲ್ವ್, ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪ್ ವಾಸಿ. ಸ್ಟೇನ್‌ಲೆಸ್ ಸ್ಟೀಲೇ ಬೇಕೆಂದರೆ 316 ದರ್ಜೆಯದು ಎಂದು ಕೇಳಿ ತಗೊಳ್ಳಿ. ಸಾಮಾನ್ಯ 304 ದರ್ಜೆಗೆ ಉಪ್ಪುನೀರಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ಇಷ್ಟೆಲ್ಲ ಮಾಡಿ ವಾಲ್ವನ್ನು ಪೈಪಿಗೆ ಬಿಗಿದು ಹಿಡಿಯುವ ಕ್ಲಾಂಪ್ ಮಾತ್ರ ಅಗ್ಗದ ಕಬ್ಬಿಣದ್ದು ಹಾಕುವವರೇ ಜಾಸ್ತಿ. ಅದು ತುಂಡಾದರೆ ವಾಲ್ವ್ ಬಾವಿಯ ತಳಕ್ಕೆ.