ರಿವರ್ಸ್ ಬರುತ್ತಾ?

ಕೆಲಸ ಬಿಟ್ಟು ಲಾರಿ ಓಡಿಸೋಕೆ ಹೋಗ್ತೀನಿ ಅಂತ ಹೇಳಿದಾಗ ಹೆಂಡತಿ ಅಳಲಿಲ್ಲ, ಇಎಂಐ ನೆನಪಿಸಲಿಲ್ಲ. ಹುರುಳಿಕಾಯಿ ನಾರು ತೆಗೆಯುತ್ತಾ "ರಿವರ್ಸ್ ಬರುತ್ತಾ?" ಅಂತ ಮಾತ್ರ ಕೇಳಿದಳು.

ನ್ಯಾಯವಾದ ಪ್ರಶ್ನೆಯೇ. ನಮ್ಮ ಬೇಸ್‌ಮೆಂಟಿನಲ್ಲಿ ಕಂಬದ ಪಕ್ಕ ಕಾರು ನಿಲ್ಲಿಸೋಕೆ ನಾನು ಐದು ಸಲ ಹಿಂದೆ ಮುಂದೆ ಮಾಡಬೇಕು, ಜೊತೆಗೆ ವಾಚ್‌ಮನ್ ನಿಂತು "ಬರ್ಲಿ, ಬರ್ಲಿ, ಬರ್ಲಿ" ಅನ್ನಬೇಕು. ಅಷ್ಟಾದರೂ ಕಂಬದ ಮೇಲೆ ನಮ್ಮ ಕಾರಿನ ಬಣ್ಣ ಇದೆ, ಕಾರಿನ ಮೇಲೆ ಕಂಬದ ಬಣ್ಣ ಇದೆ.

ಈ ಹುಚ್ಚು ಹತ್ತಿದ್ದು ನೆಲಮಂಗಲದ ಹತ್ತಿರ, ಜಾಮ್‌ನಲ್ಲಿ. ಕಾರಿನ ಸ್ಪೀಕರ್‌ನಲ್ಲಿ ಮೀಟಿಂಗ್ ನಡೆಯುತ್ತಿತ್ತು. ಒಂದು ಸ್ಲೈಡಿನ ಚೌಕ ಹಳದಿ ಇರಬೇಕೋ ಕೆಂಪು ಇರಬೇಕೋ ಅಂತ ಹನ್ನೊಂದು ಜನ ಇಪ್ಪತ್ತು ನಿಮಿಷದಿಂದ ಮಾತಾಡುತ್ತಿದ್ದರು. ಕೆಲಸ ತಡವಾಗಿದೆ ಅಂತ ಹನ್ನೊಂದು ಜನಕ್ಕೂ ಗೊತ್ತು, ಆದರೆ ಅದನ್ನ ಯಾವ ಬಣ್ಣದಲ್ಲಿ ಹೇಳಿದರೆ ಮೇಲಿನವರಿಗೆ ಬೇಜಾರಾಗಲ್ಲ ಅನ್ನೋದೇ ಚರ್ಚೆ. ಪಕ್ಕದ ಲಾರಿಯ ಡ್ರೈವರ್ ಸ್ಟೀರಿಂಗ್ ಮೇಲೆ ಎರಡೂ ಮೊಣಕೈ ಊರಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ. ಸಿಪ್ಪೆ ನನ್ನ ಕಾರಿನ ಮೇಲೇ ಬೀಳುತ್ತಿತ್ತು ಅನ್ನೋದು ಬೇರೆ ವಿಷಯ. ಆ ಮುಖದಲ್ಲಿ ಹಳದಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಮನೆಗೆ ಬಂದು ಓದಿಕೊಂಡೆ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರಿನಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅಂದರೆ ನನಗೇ ಗೊತ್ತಿಲ್ಲದೆ ನಾನು ಅರ್ಧ ಲಾರಿ ಡ್ರೈವರ್ ಆಗಿ ಎಷ್ಟೋ ದಿನ ಆಗಿತ್ತು. ಪೂರ್ತಿ ಆಗೋಕೆ ಹೆವಿ ಲೈಸೆನ್ಸ್ ಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನ 2019ರಲ್ಲೇ ತೆಗೆದಿದ್ದಾರೆ, ಹಾಗಾಗಿ ನನ್ನ ಎಂಬಿಎ ಅಡ್ಡ ಬರಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ನಾನು ಆ ನಾಟಿ ಹಸುವಿನ ಗುಂಪಿನವನಲ್ಲ. ಗೊತ್ತಲ್ವಾ, ನಲವತ್ತು ದಾಟಿದ ಕೂಡಲೇ "ಎಲ್ಲ ಬಿಟ್ಟು ಹಳ್ಳಿಗೆ ಹೋಗಿ ಹಸು ಸಾಕ್ತೀನಿ" ಅನ್ನೋರು, ಸಗಣಿ ವಾಸನೆ ಬಂದರೆ ಕಾರಿನ ಗಾಜು ಏರಿಸೋರು. ಅವರನ್ನ ಕಂಡರೆ ನನಗೆ ಆಗಲ್ಲ. ನಾನು ಲಾರಿಯಲ್ಲಿ ಒಂದು ರಾತ್ರಿ ಕೂತು ಹೋದವನು. ಕೂತಿದ್ದು ಮಾತ್ರ ಅಲ್ಲ, ಹಗ್ಗ ಕಟ್ಟಿದವನು.

ನಮ್ಮ ದೊಡ್ಡಮ್ಮನ ಮಗ ತಿಪಟೂರಿನಲ್ಲಿದ್ದಾನೆ. ಲಾರಿ ಸಾಹುಕಾರರದ್ದು, ಇವನು ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಉಂಡೆಕೊಬ್ಬರಿ ಲೋಡು ಉತ್ತರದ ಕಡೆ ಹೊರಟಿತ್ತು. "ಹುಬ್ಬಳ್ಳಿವರೆಗೂ ಬರ್ತೀನಿ ಅಣ್ಣ" ಅಂದೆ. "ಬಾ, ಆದ್ರೆ ಸುಮ್ನೆ ಕೂತ್ಕೋ" ಅಂದ. ಸುಮ್ನೆ ಕೂರೋದು ಮ್ಯಾನೇಜರುಗಳಿಗೆ ಬರಲ್ಲ. ಮೂಟೆ ಏರಿಸಿ ಟಾರ್ಪಾಲು ಹೊದಿಸುತ್ತಿದ್ದಾಗ "ಹಗ್ಗ ನಾನು ಕಟ್ತೀನಿ" ಅಂತ ಮುಂದೆ ಹೋದೆ.

ಲಾರಿ ಹಗ್ಗ ಕಟ್ಟೋದನ್ನ ನೀವು ಯಾವತ್ತಾದರೂ ನಿಂತು ನೋಡಿದ್ದೀರಾ? ಆ ಕಡೆಯಿಂದ ಹಗ್ಗ ಲೋಡಿನ ಮೇಲೆ ಹಾರಿ ಈ ಕಡೆ ಬೀಳುತ್ತೆ. ಎದೆಯ ಮಟ್ಟದಲ್ಲಿ ಅದನ್ನ ಮಡಚಿ, ತಿರುಚಿ ಒಂದು ಕುಣಿಕೆ ಮಾಡಬೇಕು. ತುದಿಯನ್ನ ಬಾಡಿ ಕೆಳಗಿನ ಕೊಕ್ಕೆಗೆ ಹಾಕಿ ಮೇಲೆ ತಂದು ಕುಣಿಕೆಯೊಳಗೆ ತೂರಿಸಿ, ಮತ್ತೆ ಕೆಳಕ್ಕೆ ಎಳೆಯಬೇಕು. ಬಾವಿಯ ರಾಟೆ ಇದ್ದ ಹಾಗೆ, ರಾಟೆ ಮಾತ್ರ ಇಲ್ಲ. ನಾನು ಎಳೆದೆ, ಕುಣಿಕೆ ಬಿಚ್ಚಿಕೊಂಡು ಹಿಂದಕ್ಕೆ ಹೋಗಿ ಕೂತೆ. ಎರಡನೇ ಸಲ ಗಂಟು ಬಿತ್ತು, ಹಗ್ಗ ಬಿಗಿಯಾಗಲಿಲ್ಲ. ಮೂರನೇ ಸಲ ಬಿಗಿಯಾಯಿತು, ಆದರೆ ನನ್ನ ಅಂಗಿಯ ತೋಳೂ ಒಳಗೆ ಸೇರಿಕೊಂಡಿತು. ಕ್ಲೀನರ್ ಹುಡುಗ, ಹತ್ತೊಂಬತ್ತು ಇಪ್ಪತ್ತು ಇರಬಹುದು, ಬಾಯಲ್ಲಿದ್ದ ಕೊಬ್ಬರಿ ಚೂರು ಅಗಿದು ಮುಗಿಯೋವರೆಗೂ ನೋಡಿದ. ಆಮೇಲೆ ಬಂದು ಟೈರಿಗೆ ಒಂದು ಕಾಲು ಕೊಟ್ಟು, ಹಗ್ಗ ಹಿಡಿದು ಇಡೀ ಮೈಯನ್ನೇ ಹಿಂದಕ್ಕೆ ಬಿಟ್ಟ. ಹಗ್ಗ ತಂಬೂರಿ ತಂತಿ ಥರ ಟಣ್ ಅಂದಿತು. "ಕೈಯಲ್ಲಿ ಎಳೀಬಾರ್ದು ಅಣ್ಣ, ಮೈಯಲ್ಲಿ ಎಳೀಬೇಕು" ಅಂದ. ಆಮೇಲೆ ತುದಿಯನ್ನ ಎರಡು ಬೆರಳಲ್ಲಿ ಹಿಡಿದು ಸಣ್ಣಗೆ ಎಳೆದ, ಅಷ್ಟೂ ಗಂಟು ಪುಸಕ್ ಅಂತ ಬಿಚ್ಚಿಕೊಂಡಿತು. "ಒಂದು ಎಳೆತಕ್ಕೆ ಬಿಚ್ಚಬೇಕು. ಬಿಚ್ಚೋಕೆ ಬರ್ದಿದ್ರೆ ಅದು ಗಂಟಲ್ಲ."

ಇಷ್ಟಾದ ಮೇಲೂ ಮರ್ಯಾದೆ ಉಳಿಸಿಕೊಳ್ಳೋಕೆ ಹಿಂದಿನ ಮೂಲೆಯ ಒಂದು ಹಗ್ಗ ನಾನೇ ಕಟ್ಟಿದೆ. ಹುಳಿಯಾರು ದಾಟಿದೆವು. ಹಿರಿಯೂರಿನ ಕಡೆ ಮಳೆ ಬರೋದೇ ಅಪರೂಪ, ಅವತ್ತು ನನಗೋಸ್ಕರ ಅಂತಲೇ ಬಂತು. ಹಿಂದಿನ ಮೂಲೆಯ ಟಾರ್ಪಾಲು ಪಟಪಟ ಅನ್ನೋಕೆ ಶುರುವಾಯಿತು. ಅಣ್ಣ ಲಾರಿ ನಿಲ್ಲಿಸಿದ, ಬೈಯಲಿಲ್ಲ. ಹುಡುಗ ಮಳೆಯಲ್ಲೇ ಮೇಲೆ ಹತ್ತಿದ. ಕಾಯಿ ಒಂದು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಕೂತು ಒಳಗೊಳಗೇ ಒಣಗಿದರೆ ಉಂಡೆಕೊಬ್ಬರಿ. ಅದಕ್ಕೆ ಒಂದು ರಾತ್ರಿ ನೀರು ತಗುಲಿದರೆ ಬೂಷ್ಟು. ನಾನು ಕೆಳಗೆ ನಿಂತು ಮೊಬೈಲ್ ಟಾರ್ಚ್ ಹಿಡಿದೆ. ನನ್ನ ಹುದ್ದೆಗೆ ಸರಿಯಾದ ಕೆಲಸ ಆ ರಾತ್ರಿ ಸಿಕ್ಕಿದ್ದು ಅದೊಂದೇ.

ಮತ್ತೆ ಹೊರಟ ಮೇಲೆ ಮಾತು ಬದಲಾಯಿಸೋಣ ಅಂತ ನನ್ನ ಓದು ಬಿಚ್ಚಿದೆ. "ಅಣ್ಣ, ಡ್ರೈವರುಗಳಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ 1961ರಲ್ಲೇ ಕಾನೂನು ಆಗಿದೆ, ಗೊತ್ತಾ?"

"ಯಾವ ದಿನಕ್ಕೆ?" ಅಂದ.

ಆದರೂ ನನಗೆ ಹೊಟ್ಟೆಕಿಚ್ಚಾಗಿದ್ದು ಅವನ ಇ-ವೇ ಬಿಲ್, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ನೋಡಿ. 200 ಕಿಲೋಮೀಟರಿಗೆ ಒಂದು ದಿನ ಅಂತ ಸರ್ಕಾರವೇ ಲೆಕ್ಕ ಹಾಕಿ ಅವಧಿ ಕೊಡುತ್ತೆ. ದಾರಿಯಲ್ಲಿ ಗಾಡಿ ಕೆಟ್ಟರೆ ಕಾರಣ ಹೇಳಿ ಮುಂದಕ್ಕೂ ಹಾಕಿಸಬಹುದು. ನನ್ನ ಆಫೀಸಿನಲ್ಲಿ ದೂರ ಎಷ್ಟು ಅಂತ ಯಾರೂ ಕೇಳಲ್ಲ, ತಾರೀಕು ಮೊದಲು ಬರುತ್ತೆ, ಏನು ಕೆಲಸ ಅನ್ನೋದು ಆಮೇಲೆ ಬರುತ್ತೆ. ಕೊನೆಗೆ ನಾವೆಲ್ಲ ಒಂದೇ ಕುಟುಂಬ ಅಂತ ಒಂದು ಮೇಲ್ ಬರುತ್ತೆ. ಕುಟುಂಬವಂತೆ! ನಮ್ಮ ಮನೆಯಲ್ಲಿ ಯಾರೂ ನನಗೆ ಐದರಲ್ಲಿ ಮೂರು ಅಂತ ರೇಟಿಂಗ್ ಕೊಟ್ಟಿಲ್ಲ. ಹೆಂಡತಿ ಮನಸ್ಸಿನಲ್ಲಿ ಕೊಟ್ಟಿರಬಹುದು, ಎಕ್ಸೆಲ್‌ನಲ್ಲಿ ಹಾಕಿ ಊರಿಗೆಲ್ಲ ಕಳಿಸಿಲ್ಲ.

ಹಿರಿಯೂರು ಬಿಟ್ಟ ಮೇಲೆ ಅಣ್ಣ ಸಂಬಳ ಎಷ್ಟು ಅಂತ ಕೇಳಿದ. ಹೇಳಿದೆ, ಸ್ವಲ್ಪ ಕಮ್ಮಿ ಮಾಡಿಯೇ. ಐಮಂಗಲದಿಂದ ಚಿತ್ರದುರ್ಗದವರೆಗೂ ಮಾತಾಡಲಿಲ್ಲ. ಕೋಟೆಯ ಬೆಟ್ಟದ ಕಪ್ಪು ಕಾಣಿಸಿದಾಗ ಗೇರ್ ಬದಲಿಸಿ ಕೇಳಿದ, "ಅಷ್ಟು ದುಡ್ಡು ಕೊಟ್ಟು ನಿನ್ನ ಮೇಲೆ ಏನು ಲೋಡು ಹಾಕ್ತಾರೋ?"

ಬಹಳ ಹೊತ್ತು ಯೋಚನೆ ಮಾಡಿ "ಹದಿನಾಲ್ಕು ಜನ" ಅಂದೆ.

"ಹದಿನಾಲ್ಕು ಜನಾನಾ? ನನಗೆ ಇವನೊಬ್ಬನೇ ಸಾಕಾಗಿದ್ದಾನೆ" ಅಂತ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ ಹುಡುಗನ ಕಡೆ ಗದ್ದ ತೋರಿಸಿದ.

ಹುಬ್ಬಳ್ಳಿಯಲ್ಲಿ ಇಳಿದಾಗ ನನ್ನ ಸೊಂಟ ನನ್ನ ಜೊತೆ ಇಳಿಯಲಿಲ್ಲ. 2025ರ ಅಕ್ಟೋಬರಿನಿಂದ ತಯಾರಾಗೋ ಲಾರಿಗಳ ಕ್ಯಾಬಿನ್ನಿಗೆಲ್ಲ ಏಸಿ ಕಡ್ಡಾಯ ಅಂತೆ. ಅಣ್ಣನ ಲಾರಿ ಅದಕ್ಕಿಂತ ಬಹಳ ಹಿರಿಯದು, ಇಂಜಿನ್ ಬಿಸಿಗೆ ನನ್ನ ಎಡಗಾಲು ಹುರಿದ ಹಪ್ಪಳ ಆಗಿತ್ತು. ಆದರೂ ಸೋಮವಾರ ಆಫೀಸಿಗೆ ಹೋಗಿ ಕೂತಾಗ, ಆ ಕಾಲಿಗೇ ವಾಪಸ್ ಹೋಗಬೇಕು ಅನ್ನಿಸಿತು.

ಆರ್‌ಟಿಓ ಸ್ಲಾಟ್ ತೆಗೆದುಕೊಂಡಿದ್ದೆ, ಮಂಗಳವಾರ ಬೆಳಿಗ್ಗೆ. ಅದೇ ಹೊತ್ತಿಗೆ ಹಳದಿ-ಕೆಂಪಿನ ಮೀಟಿಂಗ್ ಇತ್ತು. ಎರಡರಲ್ಲಿ ಒಂದನ್ನ ಮುಂದಕ್ಕೆ ಹಾಕಿದೆ. ಯಾವುದನ್ನ ಅಂತ ಕೇಳಬೇಡಿ.

ಮೊನ್ನೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕೋ ಹಗ್ಗ ಜೋತುಬಿದ್ದಿದೆ ಅಂದಳು ಇವಳು. ಎದ್ದು ಹೋಗಿ ಲಾರಿ ಗಂಟು ಹಾಕಿದೆ. ಗೋಡೆಗೆ ಕಾಲು ಕೊಟ್ಟು ಮೈಯಲ್ಲೇ ಎಳೆದೆ. ಎರಡು ಬೆಡ್‌ಶೀಟು ಹಾಕಿದರೂ ಅಲ್ಲಾಡಲಿಲ್ಲ. ಭಾನುವಾರ ಗ್ರಿಲ್ಲಿಗೆ ಬಣ್ಣ ಹೊಡೆಯೋರು ಬಂದು ಹಗ್ಗ ಬಿಚ್ಚಿ ಅಂದರು. ತುದಿ ಎಳೆದೆ, ಇನ್ನೂ ಬಿಗಿಯಾಯಿತು. ಇನ್ನೊಂದು ತುದಿ ಎಳೆದೆ, ಮತ್ತೂ ಬಿಗಿಯಾಯಿತು. ಅರ್ಧ ಗಂಟೆ ಆದಮೇಲೆ ಫೋಟೋ ತೆಗೆದು ಕ್ಲೀನರ್ ಹುಡುಗನಿಗೆ ಕಳಿಸಿದೆ. ನಗುವ ಮುಖ ಮೂರು ಬಂದವು. ಸ್ವಲ್ಪ ಹೊತ್ತು ಬಿಟ್ಟು ವಾಯ್ಸ್ ಮೆಸೇಜ್ ಬಂತು, ಹಿಂದೆ ಲಾರಿ ಓಡೋ ಸದ್ದು: "ಕಟ್ ಮಾಡ್ಬಿಡಿ ಅಣ್ಣ."