22ನೇ ನಂಬರ್ ಸೂಜಿ

ಮೈಸೂರಿನ ಸರಸ್ವತೀಪುರಂನಲ್ಲಿ 20 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕಂಕುಳಲ್ಲಿ ಬಿಗಿ ಅಂತ ಒಂದೂ ವಾಪಸ್ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ವಾಪಸ್ ತಂದವರೆಲ್ಲ ಅಷ್ಟರೊಳಗೆ ದಪ್ಪ ಆಗಿದ್ದರು. ಇಂಥ ನನಗೆ ಚರ್ಮ ಹೊಲಿಯುವ ಮಿಷನ್ ಯಾವ ಲೆಕ್ಕ ಅಂದುಕೊಂಡೆ.

ಸೀಟ್ ಕವರ್ ಅಂಗಡಿ ಮುಚ್ಚುತ್ತಿದ್ದವರೊಬ್ಬರು ಮಾರಿದರು, ಸೆಕೆಂಡ್ ಹ್ಯಾಂಡ್. ಮೂರು ಜನ ಹೊತ್ತು ತಂದು ವರಾಂಡದಲ್ಲಿ ಇಳಿಸಿದರು. ಸ್ವಿಚ್ ಹಾಕಿದರೆ ಸಾಕು, ಹೊಲಿಯಲಿ ಬಿಡಲಿ, ಮೋಟರ್ ಸುಮ್ನೆ ಗುಂಯ್ ಅನ್ನುತ್ತಿರುತ್ತದೆ. ನಮ್ಮತ್ತೆ ಅದಕ್ಕೆ ಕುಂಕುಮ ಇಟ್ಟು, "ಇದು ಹೊಲಿಗೆ ಮಿಷನ್ನೋ, ಹಿಟ್ಟಿನ ಗಿರಣಿಯೋ?" ಅಂದರು.

ಸೂಜಿ 22ನೇ ನಂಬರಿನದು. ಅದರ ಮೇಲೆ 140 ಅಂತಲೂ ಇರುತ್ತದೆ, ಅಂದರೆ 1.4 ಮಿಲಿಮೀಟರ್ ದಪ್ಪ. ನನ್ನ ಬ್ಲೌಸಿನ 14ನೇ ನಂಬರ್ ಸೂಜಿ 0.9. ಪಕ್ಕಪಕ್ಕ ಹಿಡಿದರೆ ಒಂದು ಸೂಜಿ, ಇನ್ನೊಂದು ದಬ್ಬಳ. ದಾರವೂ ಹಾಗೇ, ನೈಲಾನು. ಹಲ್ಲಲ್ಲಿ ಕಡಿಯಲು ಹೋದರೆ ಹಲ್ಲೇ ಹೋಗಬೇಕು.

ಮೊದಲ ಗಿರಾಕಿ ನಮ್ಮನೆಯವರ ಸ್ಕೂಟರ್. ಸೀಟಿಗೆ ಹೊಸ ರೆಕ್ಸಿನ್ ಕವರ್. ಕತ್ತರಿಸಿ, ದಾರ ಪೋಣಿಸಿ, ಪೆಡಲ್ ಮುಟ್ಟಿದೆ ಅಷ್ಟೇ. ಬಿಟ್ಟ ಬಾಣದ ಹಾಗೆ ಓಡಿತು. ನಿಂತಾಗ ನೋಡಿದರೆ ಮೇಲ್ಗಡೆ ಮುತ್ತು ಪೋಣಿಸಿದಂಥ ಹೊಲಿಗೆ. ತಿರುಗಿಸಿ ನೋಡಿದರೆ ಕೆಳಗಡೆ ಶಾವಿಗೆ.

ಗಲೀಜು ಕೆಳಗಿದೆ, ಹಾಗಾಗಿ ತಪ್ಪು ಕೆಳಗಿನ ದಾರ ಸುತ್ತಿಟ್ಟ ಬಾಬಿನ್‌ನದ್ದೇ. ಇದು ನನ್ನ ತೀರ್ಪು. ಬಾಬಿನ್ ಕೇಸಿನ ಪುಟಾಣಿ ಸ್ಕ್ರೂ ತಿರುಗಿಸಿದೆ. ಯಾವ ಕಡೆಗೆ ತಿರುಗಿಸಿದೆನೋ, ಅದು ಕಳಚಿ ನೆಲಕ್ಕೆ ಹಾರಿತು. ಸಾಸಿವೆಗಿಂತ ಒಂಚೂರು ದೊಡ್ಡದು. ಅತ್ತೆ, ನಾನು, ಮಗ ಮೂವರೂ ಬಗ್ಗಿ ಹುಡುಕಿದೆವು. ಕೊನೆಗೆ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಸೋಫಾ ಕೆಳಗೆ ಎಳೆದಾಡಿದಾಗ ಸಿಕ್ಕಿತು. ಜೊತೆಗೆ ಮೂರು ಗುಂಡುಪಿನ್ನು, ಒಂದು ಬ್ಲೌಸ್ ಹುಕ್ಕು. ಸ್ಕ್ರೂ ಬಿಗಿ ಮಾಡಿ ಮತ್ತೆ ಹೊಲಿದೆ. ಶಾವಿಗೆ. ಬಿಚ್ಚಿದೆ, ಇನ್ನೂ ಬಿಗಿ ಮಾಡಿ ಹೊಲಿದೆ. ಮತ್ತೆ ಶಾವಿಗೆ.

ಆಗ ಗೊತ್ತಾಯಿತು, ಬಟ್ಟೆಗೆ ಇರುವ ಕ್ಷಮಾಗುಣ ರೆಕ್ಸಿನ್ನಿಗಿಲ್ಲ, ಚರ್ಮಕ್ಕಂತೂ ಇಲ್ಲವೇ ಇಲ್ಲ. ಬ್ಲೌಸಿನ ಹೊಲಿಗೆ ಬಿಚ್ಚಿ ಉಗುರಲ್ಲಿ ಉಜ್ಜಿದರೆ ತೂತು ಮಾಯ. ಇಲ್ಲಿ ಮೂರು ಸಾಲು ತೂತು ಹಾಗೇ ಬಾಯಿ ಬಿಟ್ಟುಕೊಂಡು ಕೂತಿದ್ದವು.

ಮಂಡಿ ಮೊಹಲ್ಲಾದಿಂದ ಮೆಕ್ಯಾನಿಕ್ ಬಂದರು. ವಯಸ್ಸಾದವರು. ಮಿಷನ್ ನೋಡಲೇ ಇಲ್ಲ, ಶಾವಿಗೆ ನೋಡಿದರು. "ಅಕ್ಕಾ, ಕೆಳಗಡೆ ಗಲೀಜಾದ್ರೆ ತಪ್ಪು ಮೇಲ್ಗಡೆ ಇರ್ತದೆ."

"ನಮ್ಮ ಆಫೀಸಲ್ಲೂ ಹಂಗೇ," ಅಂತ ಪೇಪರ್ ಹಿಂದಿನಿಂದ ನಮ್ಮನೆಯವರ ದನಿ.

ಆಗಿದ್ದು ಇಷ್ಟೇ. ನಾನು ಬಟ್ಟೆ ಒತ್ತಿ ಹಿಡಿಯುವ ಫೂಟ್ ಕೆಳಗೆ ಬಿಟ್ಟುಕೊಂಡೇ ದಾರ ಪೋಣಿಸಿದ್ದೆ. ಫೂಟ್ ಕೆಳಗಿದ್ದಾಗ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳೆರಡೂ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಇಷ್ಟು ದಪ್ಪ ದಾರ ಒಳಗೆ ಹೋಗದೆ ಅಂಚಿನಲ್ಲೇ ಕೂತಿತ್ತು. ಹಿಡಿತವೇ ಇಲ್ಲದ ಮೇಲಿನ ದಾರ ಕೆಳಗಿಳಿದು ಸುರುಳಿ ಸುರುಳಿ ಬೀಳುತ್ತಿತ್ತು. ಅವರು ಫೂಟ್ ಎತ್ತಿದರು, ದಾರವನ್ನು ತಟ್ಟೆಗಳ ನಡುವೆ ಎಳೆದು ಕೂರಿಸಿದರು, ಫೂಟ್ ಇಳಿಸಿದರು. "ಈಗ ಎಳೀರಿ." ಎಳೆದೆ. ಸೂಜಿಯೇ ಬಾಗಿತು.

ನಾನು ಕೆಡಿಸಿದ್ದ ಬಾಬಿನ್ ಸ್ಕ್ರೂ ಸಡಿಲ ಮಾಡಿದರು. ಮೇಲೆ ಬಿಳಿ ದಾರ, ಕೆಳಗೆ ಕರಿ ದಾರ ಹಾಕಿ ಚೂರು ರೆಕ್ಸಿನ್ ಮೇಲೆ ಓಡಿಸಿದರು. ಮೇಲ್ಗಡೆ ಕರಿ ಚುಕ್ಕಿ ಇಣುಕಿದರೆ ಮೇಲಿನ ಟೆನ್ಷನ್ ಜಾಸ್ತಿ. ಕೆಳಗಡೆ ಬಿಳಿ ಚುಕ್ಕಿ ಕಂಡರೆ ಕಮ್ಮಿ. ಗಂಟು ಎರಡು ಪದರದ ನಡುವೆ ಅಡಗಬೇಕು, ಯಾರ ಕಣ್ಣಿಗೂ ಬೀಳಬಾರದು. ಹೊರಡುವಾಗ, "ಶುರು ಮಾಡುವಾಗ ಎರಡೂ ದಾರದ ತುದಿ ಹಿಡ್ಕೊಳ್ಳಿ ಅಕ್ಕಾ," ಅಂದು 300 ರೂಪಾಯಿ ಇಸ್ಕೊಂಡರು. ಬ್ಲೌಸಿನ ವಿಷಯ ನಾನು ಎತ್ತಲಿಲ್ಲ.

ನಾಲ್ಕನೇ ಸಾಲು ಅಚ್ಚುಕಟ್ಟಾಗಿ ಬಂತು. ಉಳಿದ ಮೂರು ಸಾಲು ತೂತು ಡಿಸೈನ್ ಅಂತ ಹೇಳಿ ಕವರ್ ಹಾಕಿಬಿಟ್ಟೆ. ಹೊಸ ರೆಕ್ಸಿನ್ ದುಡ್ಡು ಯಾರು ಕೊಡ್ತಾರೆ?

ಮುಂದಿನ ವಾರ ರಾತ್ರಿಯಿಡೀ ಮಳೆ. ಸ್ಕೂಟರ್ ಗೇಟಿನ ಹೊರಗಿತ್ತು. ಬೆಳಗ್ಗೆ ಚುರುಕು ಬಿಸಿಲು. ಸೀಟು ಒಣ ಬಟ್ಟೆಯಲ್ಲಿ ಒರೆಸಿಕೊಂಡೇ ಆಫೀಸಿಗೆ ಹೊರಟ ನಮ್ಮನೆಯವರು ಹತ್ತು ನಿಮಿಷಕ್ಕೆ ವಾಪಸ್ ಬಂದರು, ಪ್ಯಾಂಟಿನ ಹಿಂಭಾಗ ಪೂರ್ತಿ ಒದ್ದೆ. ತೂತುಗಳಿಂದ ಇಳಿದ ನೀರನ್ನೆಲ್ಲ ಸ್ಪಾಂಜ್ ಕುಡಿದು, ಅವರು ಕೂತಾಗ ವಾಪಸ್ ಕೊಟ್ಟಿತ್ತು.

ಅತ್ತೆ ತಮ್ಮ ಮಗನನ್ನು ಹಿಂದಿನಿಂದ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಟೆನ್ಷನ್ ಜಾಸ್ತಿ ಆಯ್ತೇನೋ," ಅಂದರು.